ಪರಸ್ಥಳದಿಂದ ಬಂದವರನ್ನು ಕುರಿತ ಪಾಠ



ಯೂರೋಪು ಖಂಡದ ದೇಶಗಳಲ್ಲಿ ಬಹು ಕಾಲದಿಂದ ಒಂದು ದೊಡ್ಡ ವಾದವು ನಡೆಯುತ್ತಾ ಇದೆ. ಯುದ್ಧಕ್ಕೂ ಹಿಂಸೆಗೂ ಅಂಜಿ ಸ್ವದೇಶವನ್ನು ಬಿಟ್ಟು ಬಂದವರನ್ನು ಒಳಗೆ ಸೇರಿಸಬೇಕೋ, ಗಡಿಯಲ್ಲಿಯೇ ತಡೆಯಬೇಕೋ ಎಂಬದೇ ಆ ವಾದವು. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಲ್ಲಿಯೂ ಚಿನ್ನದ ಗಣಿಯ ಲೈನುಗಳಲ್ಲಿಯೂ ವಾಸಿಸುವ ನಮಗೆ ಇದರಿಂದೇನು ಎಂದು ಕೆಲವರು ಕೇಳಾರು. ನಮ್ಮ ಸೀಮೆಯ ಚರಿತ್ರೆಯನ್ನು ಸ್ವಲ್ಪ ತಿರುಗಿ ನೋಡಿದರೆ ಇದು ನಮ್ಮ ಮನೆಯ ಪ್ರಶ್ನೆಯೇ ಎಂಬದು ತಿಳಿದುಬರುವದು. ಆದಕಾರಣ ಈ ತಿಂಗಳಿನ ಪಾಠದಲ್ಲಿ ಇದನ್ನು ಕ್ರಮವಾಗಿ ವಿಚಾರಿಸೋಣ.

೧. ಮಾತುಗಳ ಅರ್ಥ

ಹೊರಗಿನಿಂದ ಬಂದವರೆಲ್ಲರೂ ಒಂದೇ ತರದವರಲ್ಲ. ಹೆಚ್ಚಿನ ಕೂಲಿಯನ್ನು ಹುಡುಕುತ್ತಾ ಬಂದವನು ವಲಸೆಗಾರನು. ತನ್ನ ಕುಲ, ಮತ, ದೇಶೀಯತೆ ಅಥವಾ ರಾಜಕೀಯ ಅಭಿಪ್ರಾಯದ ನಿಮಿತ್ತ ಹಿಂಸೆಗೊಳಗಾಗುವೆನೆಂಬ ತಕ್ಕ ಭಯದಿಂದ ದೇಶವನ್ನು ಬಿಟ್ಟವನು ನಿರಾಶ್ರಿತನು. ಅಂಥ ಭಯವು ನನಗುಂಟು, ನನ್ನನ್ನು ಕಾಪಾಡಿರಿ ಎಂದು ಬೇರೊಂದು ಸರಕಾರಕ್ಕೆ ಅರಿಕೆ ಮಾಡಿಕೊಂಡು ತೀರ್ಪಿಗಾಗಿ ಕಾದಿರುವವನು ಆಶ್ರಯಾರ್ಥಿಯು. ೧೯೫೧ನೆಯ ಇಸವಿಯಲ್ಲಿ ಅನೇಕ ದೇಶಗಳು ಕೂಡಿ ಇವರ ವಿಷಯವಾಗಿ ಒಂದು ಒಪ್ಪಂದವನ್ನು ಮಾಡಿದವು. ಹಿಂಸೆಯಿರುವ ಸ್ಥಳಕ್ಕೆ ಯಾರನ್ನೂ ಬಲವಂತವಾಗಿ ಹಿಂದಕ್ಕೆ ಕಳುಹಿಸಬಾರದೆಂಬದು ಅದರ ಮುಖ್ಯ ವಿಧಿ. ಭಾರತವು ಆ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಆದಾಗ್ಯೂ ಅನೇಕರಿಗೆ ಇಲ್ಲಿ ಆಶ್ರಯವು ದೊರೆತದೆ.

ಇಂಗ್ಲಿಷಿನಲ್ಲಿ ನಿರಾಶ್ರಿತನಿಗೆ ಇರುವ ಮಾತು ಪ್ರಾಟೆಸ್ಟಂಟರಿಂದಲೇ ಬಂದದ್ದು. ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿ ೧೬೮೫ರಲ್ಲಿ ಅವರಿಗಿದ್ದ ಆರಾಧನಾ ಸ್ವಾತಂತ್ರ್ಯವನ್ನು ರದ್ದುಮಾಡಿದಾಗ ಸುಮಾರು ಎರಡು ಲಕ್ಷ ಜನರು ಹಾಲೆಂಡು, ಪ್ರಷ್ಯ, ಸ್ವಿಟ್ಜರ್ಲೆಂಡು, ಇಂಗ್ಲೆಂಡುಗಳಿಗೆ ಓಡಿಹೋದರು. ಲಂಡನ್ನಿನಲ್ಲಿ ನೆಲೆಸಿದ ಅವರಲ್ಲಿ ರೇಷ್ಮೆ ನೇಯುವವರು ಬಹಳ ಮಂದಿ. ಇವರು ನಮ್ಮ ಕೆಲಸವನ್ನು ಕಸಿದುಕೊಳ್ಳುವರೆಂದು ಅಲ್ಲಿಯವರು ಮೊದಲು ಗೊಣಗಿದರು. ಕೆಲವು ತಲೆಮಾರುಗಳ ಮೇಲೆ ಅವರ ಕೈಕಸಬನ್ನು ತಮ್ಮ ಪಟ್ಟಣದ ಕೀರ್ತಿಯೆಂದು ಹೇಳಿಕೊಂಡರು.

೨. ನಮ್ಮ ಸೀಮೆಯು ತುಂಬಿದ ವಿಧ

೧೮೭೬ರಿಂದ ೧೮೭೮ರ ವರೆಗಿನ ಮಹಾ ಕ್ಷಾಮದ ಸಂಗತಿಯನ್ನು ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದಾರೆ. ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೭೧ರಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿತ್ತು. ೧೮೮೧ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತು. ಹಳ್ಳಿಗಳನ್ನು ಬಿಟ್ಟವರು ಗಂಜಿಮನೆಗಳನ್ನು ಹುಡುಕುತ್ತಾ ಪೇಟೆಗಳ ದಾರಿ ಹಿಡಿದರು. ಅವರನ್ನು ಕಂಡು ಕೆಲವರು ಕನಿಕರಪಟ್ಟರು. ಧರ್ಮದ ಗಂಜಿಯು ಜನರನ್ನು ಸೋಮಾರಿಗಳನ್ನಾಗಿ ಮಾಡುವದೆಂದು ಬೇರೆ ಕೆಲವರು ಹೇಳಿದರು. ಕೋಲಾರದಲ್ಲಿ ಮಿಸ್ ಆನ್ಸ್ಟಿ ಎಂಬ ಆಂಗ್ಲ ಸ್ತ್ರೀಯು ದಿಕ್ಕಿಲ್ಲದ ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿ ಸಾಕಿದಳು. ಆ ಅನಾಥಶಾಲೆಯು ೧೮೯೦ರಲ್ಲಿ ಮೆಥೊಡಿಸ್ಟ್ ಮಿಶನ್ನಿನವರ ವಶಕ್ಕೆ ಬಂತು.

ಆಮೇಲೆ ಗಣಿಯ ಕಾಲವು ಬಂತು. ೧೮೮೦ರ ಬಳಿಕ ಜಾನ್ ಟೇಲರ್ ಕಂಪೆನಿಯವರು ಗಣಿಗಳನ್ನು ಆಳವಾಗಿ ತೋಡಲಾರಂಭಿಸಿದಾಗ ಉತ್ತರ ಆರ್ಕಾಟು, ಸೇಲಂ, ಚಿತ್ತೂರುಗಳ ಕಡೆಯಿಂದ ಭೂಮಿಯಿಲ್ಲದ ಬಡವರು ಸಂಸಾರ ಸಮೇತರಾಗಿ ಬಂದರು. ಅವರಲ್ಲಿ ಬಹುಮಂದಿ ಸ್ವಂತ ಊರಿನ ಬಾವಿಯಿಂದ ನೀರು ಸೇದುವದಕ್ಕೂ ಅಪ್ಪಣೆಯಿಲ್ಲದವರು. ಕಾಗದದ ಮೇಲೆ ಅವರು ಕೂಲಿಗೆ ಬಂದ ವಲಸೆಗಾರರು. ಆದರೆ ಜಾತಿಯ ಅವಮಾನದಿಂದಲೂ ಸಾಲದ ಜೀತದಿಂದಲೂ ತಪ್ಪಿಸಿಕೊಂಡು ಬಂದವನನ್ನು ಬರೀ ಕೂಲಿಯ ಆಶೆಯಿಂದ ಬಂದವನೆಂದು ಹೇಳಬಹುದೋ? ಯೂರೋಪಿನ ಅಧಿಕಾರಿಗಳನ್ನು ಇಂದಿಗೂ ಕಾಡುವ ಪ್ರಶ್ನೆಯು ಇದೇ. ಹಸಿವೂ ಭಯವೂ ಒಂದೇ ಮೂಟೆಯಲ್ಲಿ ಬರುತ್ತವೆ. ಅವುಗಳನ್ನು ಬಿಡಿಸಿ ತೂಗುವದು ಸುಲಭವಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಗಣಿಯ ಕಸಬುಗಾರರು ಬಂದರು. ಆಂಗ್ಲೋ-ಇಂಡಿಯನ್ನರೂ ಬಂದರು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲು ತಂತಿಯ ಮೂಲಕ ವಿದ್ಯುಚ್ಛಕ್ತಿಯು ಗಣಿಗೆ ಮುಟ್ಟಿತು. ಬಿದಿರಿನ ತಟ್ಟಿಯ ಗುಡಿಸಲುಗಳಲ್ಲಿ ವಾಸಿಸಿದ ಕೂಲಿಯವರೇ ಆ ಸಂಪತ್ತನ್ನು ಮೇಲಕ್ಕೆ ಎತ್ತಿದವರು. ಆದರೂ ಅವರು ಸಂಶಯದಿಂದ ನೋಡಲ್ಪಟ್ಟರು. ೧೯೩೦ರಲ್ಲಿ ಕೂಲಿಯವರೆಲ್ಲರೂ ಬೆರಳೊತ್ತು ಕೊಟ್ಟು ಹೆಸರು ದಾಖಲು ಮಾಡಿಸಬೇಕೆಂಬ ಏರ್ಪಾಡು ಬಂದಾಗ, ಕಳ್ಳರನ್ನು ಗುರುತಿಸುವ ಕ್ರಮವನ್ನು ನಮ್ಮ ಮೇಲೆ ಯಾಕೆ ಹಾಕುತ್ತೀರಿ ಎಂಬ ನೋವಿನಿಂದ ಅವರು ದೊಡ್ಡ ಮುಷ್ಕರವನ್ನು ಹೂಡಿದರು. ಯೂರೋಪಿನಲ್ಲಿ ೨೦೦೩ರಿಂದ ಆಶ್ರಯಾರ್ಥಿಗಳ ಬೆರಳೊತ್ತುಗಳನ್ನು ಒಂದೇ ಭಂಡಾರದಲ್ಲಿ ಕೂಡಿಸಿಡುತ್ತಾರೆ. ಸರಕಾರಕ್ಕೆ ಲೆಕ್ಕವು ಬೇಕೆಂಬದು ನ್ಯಾಯವೇ. ಬೆರಳನ್ನು ಶಾಯಿಯಲ್ಲಿ ಅದ್ದುವವನ ಮನಸ್ಸಿಗೆ ಏನಾಗುತ್ತದೆಂಬದು ನಮ್ಮ ಗಣಿಯವರಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯಲಾರದು.

೩. ಕನ್ನಡನಾಡಿನ ಇತರ ದೃಷ್ಟಾಂತಗಳು

೧೯೫೯ರಲ್ಲಿ ದಲೈ ಲಾಮಾ ಎಂಬ ಗುರುವಿನ ಹಿಂದೆ ಟಿಬೆಟನ್ನು ಬಿಟ್ಟು ಬಂದವರಿಗೆ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಕಾಡುಭೂಮಿಯನ್ನು ಗೇಣಿಗೆ ಕೊಟ್ಟಿತು. ಹಿಮದ ಸೀಮೆಯವರು ಬಿಸಿಲನ್ನೂ ಕಾಡಾನೆಯನ್ನೂ ಸಹಿಸಿ, ಮರ ಕಡಿದು, ಮುಸುಕಿನ ಜೋಳವನ್ನು ಬಿತ್ತಿದರು. ತರುವಾಯ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳ ಕಡೆಗಳಲ್ಲಿಯೂ ನೆಲೆಗಳಾದವು. ಅವರಿಗೆ ಭೂಮಿ ದೊರೆಯಿತು, ಭೂಮಿಯಿಲ್ಲದ ನಮಗೆ ಯಾಕಿಲ್ಲ ಎಂದು ನೆರೆಹಳ್ಳಿಯವರಲ್ಲಿ ಕೆಲವರು ಕೇಳಿದ್ದುಂಟು. ಅದು ಬರೀ ಹೊಟ್ಟೆಕಿಚ್ಚಿನ ಮಾತಲ್ಲ. ಬಡವನ ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಕೇಳಬೇಕಾದದ್ದು ಸರಕಾರವನ್ನು, ನೇಗಿಲು ಹಿಡಿದ ಟಿಬೆಟಿನವನನ್ನಲ್ಲ.

ಸಿಂಹಳದ ತೋಟಗಳಲ್ಲಿ ದುಡಿದ ತಮಿಳರ ಸಂಗತಿಯು ಬೇರೆ. ೧೯೬೪ರಲ್ಲಿ ಶಾಸ್ತ್ರಿಯವರಿಗೂ ಸಿರಿಮಾವೋ ಅವರಿಗೂ ಆದ ಒಡಂಬಡಿಕೆಯ ಪ್ರಕಾರ ೫,೨೫,೦೦೦ ಜನರನ್ನು ಭಾರತಕ್ಕೆ ಕರೆದುಕೊಳ್ಳಬೇಕೆಂದು ನಿಶ್ಚಯವಾಯಿತು. ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ಕೆಲಸವನ್ನು ಕೊಟ್ಟರು. ಕಾನೂನಿನಲ್ಲಿ ಅವರು ಭಾರತದ ಪ್ರಜೆಗಳು. ಆದರೆ ಸಿಂಹಳದಲ್ಲಿ ಭಾರತದವರೆಂದೂ ಇಲ್ಲಿ ಸಿಂಹಳದವರೆಂದೂ ಅನ್ನಿಸಿಕೊಂಡು, ಮಕ್ಕಳಿಗೆ ಜಾತಿಯ ಪ್ರಮಾಣಪತ್ರವನ್ನು ಪಡೆಯುವದಕ್ಕೂ ಕಷ್ಟಪಟ್ಟರು.

ಜನರನ್ನು ಓಡಿಸಿದ ದೃಷ್ಟಾಂತಗಳನ್ನೂ ಮುಚ್ಚಿಡಬಾರದು. ೧೯೯೧ರ ದಶಂಬರಿನಲ್ಲಿ ಕಾವೇರಿಯ ನೀರಿನ ವ್ಯಾಜ್ಯದಿಂದ ಗಲಭೆಯಾದಾಗ ಎಷ್ಟೋ ತಮಿಳು ಸಂಸಾರಗಳು ಬೆಂಗಳೂರನ್ನೂ ಹಳ್ಳಿಗಳನ್ನೂ ಬಿಟ್ಟು ತಮಿಳುನಾಡಿಗೆ ಓಡಿದವು. ೨೦೧೨ರ ಅಗಸ್ಟಿನಲ್ಲಿ ಫೋನುಗಳ ಮೂಲಕ ಹರಡಿದ ಸುಳ್ಳು ಸುದ್ದಿಯಿಂದಲೇ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ನಿಲ್ದಾಣದಲ್ಲಿ ತುಂಬಿಕೊಂಡು ಗುವಾಹಟಿಯ ಗಾಡಿಗಳನ್ನು ಹತ್ತಿದರು. ಆದ್ದರಿಂದ ನೆರೆಯವನನ್ನು ನಿರಾಶ್ರಿತನನ್ನಾಗಿ ಮಾಡುವದಕ್ಕೆ ದೊಡ್ಡ ಯುದ್ಧವೇ ಬೇಕೆಂದಿಲ್ಲ. ವಿಚಾರಿಸದೆ ಮುಂದೆ ದಾಟಿಸಿದ ಒಂದು ಮಾತೂ ಸಾಕಾಗುತ್ತದೆ.

೪. ಯೂರೋಪಿನಲ್ಲಿ ನಡೆದದ್ದು

ಯೂರೋಪಿನವರೇ ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಆಶ್ರಯ ಹೊಂದಿದ್ದರು. ರಷ್ಯದವರಿಂದ ಸೈಬೀರಿಯಕ್ಕೆ ಒಯ್ಯಲ್ಪಟ್ಟು ಆಮೇಲೆ ಬಿಡುಗಡೆಯಾದ ಪೋಲೆಂಡಿನವರಲ್ಲಿ ಸುಮಾರು ಐದು ಸಾವಿರ ಜನರು ೧೯೪೩ರಿಂದ ೧೯೪೮ರ ವರೆಗೆ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿದ್ದರು.

೨೦೧೫ರಲ್ಲಿ ಸಿರಿಯ, ಅಫಘಾನಿಸ್ತಾನ, ಇರಾಕುಗಳಿಂದ ಜನರು ದೊಡ್ಡ ಸಂಖ್ಯೆಯಲ್ಲಿ ಯೂರೋಪಿಗೆ ಬಂದರು. ಆ ವರ್ಷ ಜರ್ಮನಿಯೊಂದಕ್ಕೇ ಬಂದವರು ಸುಮಾರು ೮,೯೦,೦೦೦. ಸಮುದ್ರದ ದಡದಲ್ಲಿ ಬಿದ್ದಿದ್ದ ಎಳೆಯ ಬಾಲಕನೊಬ್ಬನ ಶವದ ಚಿತ್ರವನ್ನು ಕಂಡು ಲೋಕವೇ ಮರುಗಿತು. ಮ್ಯೂನಿಕ್ ನಿಲ್ದಾಣದಲ್ಲಿ ಜನರು ಆಹಾರವನ್ನೂ ಬಟ್ಟೆಯನ್ನೂ ಹಿಡಿದು ನಿಂತರು. ಅದೇ ತಿಂಗಳಲ್ಲಿ ಹಂಗೆರಿಯು ಸೆರ್ಬಿಯದ ಗಡಿಗೆ ಬೇಲಿ ಹಾಕಿ ಮುಗಿಸಿತು. ಎರಡು ವರ್ಷಗಳೊಳಗೆ ಜರ್ಮನಿಯಲ್ಲಿಯೂ ಮನಸ್ಸು ತಿರುಗಿತು. ೨೦೧೭ರ ಚುನಾವಣೆಯಲ್ಲಿ ವಲಸೆಯನ್ನು ವಿರೋಧಿಸಿದ ಪಕ್ಷವೊಂದು ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಓಟುಗಳನ್ನು ಪಡೆದು ಮೊದಲನೆಯ ಸಾರಿ ಆ ದೇಶದ ಶಾಸನಸಭೆಯನ್ನು ಪ್ರವೇಶಿಸಿತು.

೨೦೨೨ರಲ್ಲಿ ರಷ್ಯವು ಯುಕ್ರೇನಿನ ಮೇಲೆ ಪೂರ್ಣ ಯುದ್ಧವನ್ನು ಹೂಡಿದಾಗ ಯೂರೋಪಿನ ಒಕ್ಕೂಟವು ಕೆಲವೇ ದಿನಗಳಲ್ಲಿ ಬಾಗಲನ್ನು ತೆರೆಯಿತು. ನಾಲ್ವತ್ತು ಲಕ್ಷಕ್ಕೆ ಮೇಲ್ಪಟ್ಟವರಿಗೆ ವಾಸಕ್ಕೂ ಕೆಲಸಕ್ಕೂ ಅಪ್ಪಣೆ ದೊರೆಯಿತು. ಪೋಲೆಂಡಿನ ಜನರು ಅವರನ್ನು ತಮ್ಮ ಮನೆಗಳೊಳಗೇ ಸೇರಿಸಿಕೊಂಡರು. ಆದರೆ ಅದೇ ಪೋಲೆಂಡು ಅದೇ ವರ್ಷದಲ್ಲಿ, ಇರಾಕು, ಅಫಘಾನಿಸ್ತಾನ ಮೊದಲಾದ ದೇಶಗಳವರು ಬರುತ್ತಿದ್ದ ಬೆಲಾರೂಸಿನ ಗಡಿಯಲ್ಲಿ ಉಕ್ಕಿನ ಗೋಡೆಯನ್ನು ನಿಲ್ಲಿಸಿತು.

೫. ಮನಸ್ಸು ತಿರುಗುವ ಕಾರಣಗಳು

ಮೊದಲನೆಯದು, ಹೋಲಿಕೆ. ಭಾಷೆ, ಬಣ್ಣ, ಮತಗಳಲ್ಲಿ ತಮ್ಮನ್ನು ಹೋಲುವವರ ಕಷ್ಟವು ಜನರಿಗೆ ಬೇಗ ಮುಟ್ಟುತ್ತದೆ. ಹೋಲದವನು ತನ್ನ ಕಷ್ಟವನ್ನು ಸಾಕ್ಷಿ ಹಾಕಿ ರುಜುವಾತು ಮಾಡಬೇಕಾಗುತ್ತದೆ.

ಎರಡನೆಯದು, ಕಾಲ. ಮೂರು ದಿನದ ನೆಂಟನಿಗೆ ಪಾಯಸ ಮಾಡುವ ಮನೆಯಲ್ಲಿ ಮೂರು ವರ್ಷ ಉಳಿದವನಿಗೆ ಗಂಜಿಯೂ ಭಾರವಾಗುತ್ತದೆ. ಆಶ್ರಯಾರ್ಥಿಯನ್ನು ಕೆಲಸ ಮಾಡಗೊಡದೆ ತೀರ್ಪಿಗಾಗಿ ಬಹುಕಾಲ ಕಾಯಿಸಿದರೆ, ಅವನು ಕುಳಿತು ಉಣ್ಣುವವನೆಂಬ ದೂರು ತಾನೇ ಹುಟ್ಟುವದು.

ಮೂರನೆಯದು, ಭಾರದ ಹಂಚಿಕೆ. ಹೊಸಬರು ಬಂದಾಗ ಬಾಡಿಗೆ ಏರುವದು ಬಡವರ ಕೇರಿಯಲ್ಲಿ. ಕಂತ್ರಾಟುದಾರನು ಹೊಸಬನನ್ನು ತೋರಿಸಿ ಹಳಬನ ಕೂಲಿಯನ್ನು ಇಳಿಸುವದೂ ಉಂಟು. ಸ್ವಾಗತದ ಭಾಷಣವನ್ನು ಮಾಡಿದವನ ಬೀದಿಗೆ ಈ ಭಾರವು ಬರುವದಿಲ್ಲ. ಯೂರೋಪಿನಲ್ಲಿಯೂ ಹೀಗೆಯೇ ಆಯಿತು: ಆಶ್ರಯಾರ್ಥಿಯು ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಅವನ ಅರಿಕೆಯನ್ನು ವಿಚಾರಿಸಬೇಕೆಂಬ ನಿಯಮದಿಂದ ಗ್ರೀಸು, ಇಟಲಿಗಳ ಮೇಲೆ ಹೆಚ್ಚು ಹೊರೆ ಬಿತ್ತು. ಕ್ಷಾಮದ ಜನರೆಲ್ಲರನ್ನು ಹೆದ್ದಾರಿಯ ಮೊದಲನೆಯ ಹಳ್ಳಿಯೇ ಸಾಕಬೇಕೆಂದರೆ ಆ ಹಳ್ಳಿಯವರು ಬಾಗಲು ಮುಚ್ಚಿಕೊಳ್ಳಲಾರರೇ? ಲೋಕದಲ್ಲಿಯೂ ಹಂಚಿಕೆಯು ಇಂಥದ್ದೇ. ದೇಶವನ್ನು ಬಿಟ್ಟ ನಿರಾಶ್ರಿತರಲ್ಲಿ ಹೆಚ್ಚಿನ ಪಾಲು ಜನರನ್ನು ಸಾಕುತ್ತಿರುವವು ಐಶ್ವರ್ಯವುಳ್ಳ ದೇಶಗಳಲ್ಲ, ನೆರೆಯ ಬಡ ದೇಶಗಳೇ.

ನಾಲ್ಕನೆಯದು, ಗಾಳಿಮಾತು. ಬಂದವರಲ್ಲಿ ಒಬ್ಬನು ತಪ್ಪು ಮಾಡಿದರೆ ಎಲ್ಲರೂ ಅಂಥವರೆಂಬ ಹೆಸರು ಹರಡುತ್ತದೆ. ಊರಿನವನು ಅದೇ ತಪ್ಪನ್ನು ಮಾಡಿದರೆ ಅವನೊಬ್ಬನ ಹೆಸರನ್ನೇ ಹೇಳುತ್ತೇವೆ.

೬. ನಮಗೆ ಅನ್ವಯ

೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಲ್ಪಟ್ಟ ಮೇಲೆ ನಮ್ಮವರೇ ಹೊರಗಿನವರಾದರು. ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಬೆಳಗಿನ ಗಾಡಿಯನ್ನು ಹತ್ತಿ ಸಾವಿರಾರು ಮಂದಿ ದಿನಾಲು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಅವರನ್ನು ಯಾವ ಕಣ್ಣಿನಿಂದ ನೋಡಬೇಕೆಂದು ನಾವು ಬಯಸುತ್ತೇವೋ ಅದೇ ಕಣ್ಣಿನಿಂದ, ನರಸಾಪುರ, ವೇಮಗಲ್‌ಗಳ ಕಾರ್ಖಾನೆಗಳಿಗೂ ಕಟ್ಟಡದ ಕೆಲಸಗಳಿಗೂ ದೂರದಿಂದ ಬಂದ ಜನರನ್ನು ನಾವು ನೋಡಬೇಕು.

ಪರದೇಶಿಯನ್ನು ಪ್ರೀತಿಸಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸುವಾಗ ಅದಕ್ಕೆ ಕೊಡುವ ಕಾರಣವನ್ನು ಗಮನಿಸಿರಿ. ಅವನು ಒಳ್ಳೆಯವನೆಂದಾಗಲಿ ಪ್ರಯೋಜನಕ್ಕೆ ಬರುವವನೆಂದಾಗಲಿ ಅಲ್ಲಿ ಹೇಳಿಲ್ಲ. ಐಗುಪ್ತದಲ್ಲಿ ಇಸ್ರಾಯೇಲ್ಯರೂ ಪರದೇಶಿಗಳಾಗಿದ್ದರೆಂಬ ನೆನಪೇ ಸಾಕಾದ ಕಾರಣವಾಗಿದೆ. ಕನಿಕರವು ಕೆಲವು ದಿನಗಳಲ್ಲಿ ಬತ್ತಿಹೋಗುವದೆಂಬದನ್ನು ಮ್ಯೂನಿಕ್ ನಿಲ್ದಾಣದಿಂದ ಕಲಿತೆವು. ನೆನಪಾದರೋ ಕಾಪಾಡಿದಷ್ಟು ಕಾಲ ಉಳಿಯುವದು. ಆದಕಾರಣ ನಮ್ಮ ಅಜ್ಜ ಅಜ್ಜಿಯರು ಯಾವ ಊರಿನಿಂದ, ಯಾವ ಕಷ್ಟದಿಂದ, ಯಾರ ಕೈ ಹಿಡಿದು ಇಲ್ಲಿಗೆ ಬಂದರೆಂಬದನ್ನು ಮಕ್ಕಳಿಗೆ ಹೇಳಿಕೊಡುವದು ಹಿರಿಯರ ಕರ್ತವ್ಯವಾಗಿದೆ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ವಲಸೆಗಾರ, ನಿರಾಶ್ರಿತ, ಆಶ್ರಯಾರ್ಥಿ ಎಂಬವರಿಗಿರುವ ಭೇದವೇನು? ಗಣಿಗೆ ಮೊದಲು ಬಂದ ಕೂಲಿಯವರನ್ನು ಯಾವ ಹೆಸರಿನಿಂದ ಕರೆಯುವದು ಯುಕ್ತ?
೨. ಪೋಲೆಂಡಿನವರು ೨೦೨೨ರಲ್ಲಿ ಎರಡು ಗಡಿಗಳಲ್ಲಿ ಎರಡು ವಿಧವಾಗಿ ನಡೆದ ಕಾರಣವೇನು? ನಮ್ಮ ಊರಿನಲ್ಲಿಯೂ ಅಂಥ ಎರಡು ಅಳತೆಗಳು ಉಂಟೋ?
೩. ಹೊಸಬರ ಭಾರವು ಬಡವರ ಕೇರಿಯ ಮೇಲೆಯೇ ಬೀಳದಂತೆ ಪಂಚಾಯಿತಿಯೂ ಸಭೆಯೂ ಏನು ಮಾಡಬಹುದು?
೪. ಪರಸ್ಥಳದವರನ್ನು ಕುರಿತು ಕೆಟ್ಟ ಸುದ್ದಿಯು ಫೋನಿನಲ್ಲಿ ಬಂದರೆ ಮೊದಲು ಮಾಡತಕ್ಕ ಕೆಲಸವೇನು?