ಕಲ್ಲನ್ನು ಬಿಡದ ಮೀನು

ಮಲೆನಾಡಿನ ಹೊಳೆಗಳು ಘಟ್ಟದಿಂದ ಧುಮುಕುವೆಡೆಯಲ್ಲಿ ಆಳಿನ ಕಾಲು ನಿಲ್ಲದಷ್ಟು ಸೆಳೆತವಿರುತ್ತದೆ. ಅಂತಹ ನೀರಿನ ತಳದಲ್ಲಿ ಒಂದು ಸಣ್ಣ ಮೀಸೆಮೀನು ಕಲ್ಲನ್ನಪ್ಪಿ ಬಾಳುತ್ತದೆ. ಇದರ ಕುಲಕ್ಕೆ ‘ಗ್ಲಿಪ್ಟೊಥೊರಾಕ್ಸ್’ ಎಂದು 1860ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ವಿದ್ವಾಂಸನು ಹೆಸರಿಟ್ಟನು. ಗ್ರೀಕ್ ಭಾಷೆಯ ಈ ಸಮಾಸವನ್ನು ಬಿಡಿಸಿದರೆ ‘ಕೆತ್ತಿದ ಎದೆಯುಳ್ಳದ್ದು’ ಎಂದಾಗುತ್ತದೆ; ನಮ್ಮ ವ್ಯಾಕರಣದ ಬಹುವ್ರೀಹಿಯೇ ಸರಿ. ಕನ್ನಡದಲ್ಲಿ ‘ಕೆತ್ತೆದೆ’ ಎನ್ನುವುದಾದರೆ ‘ಕೆಚ್ಚೆದೆ’ಗೂ ಅದಕ್ಕೂ ಒಂದೇ ಅಕ್ಷರದ ಅಂತರ. ಈ ಮೀನಿಗೆ ಎರಡೂ ಒಪ್ಪುತ್ತವೆ.

ಮೈಮೇಲೆ ಶಲ್ಕಗಳಿಲ್ಲ, ಬಾಯಿಯ ಸುತ್ತ ನಾಲ್ಕು ಜೊತೆ ಮೀಸೆಗಳು. ಬಹುಪಾಲು ಜಾತಿಗಳು ಗೇಣುದ್ದವೂ ಬೆಳೆಯುವುದಿಲ್ಲ. ಉಪಾಧ್ಯಾಯರು ಕರಿಹಲಗೆಯ ಮೇಲೆ ಇದರ ಚಿತ್ರ ಬರೆಯುವುದಾದರೆ ಬೆನ್ನನ್ನಲ್ಲ, ಅಡಿಯ ಭಾಗವನ್ನು ಬರೆಯಬೇಕು, ಗುರುತೆಲ್ಲ ಅಲ್ಲಿದೆ. ಎದೆಯ ಚರ್ಮವು ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಮಡಿಕೆಗಳ ಏಣುಗಳ ಮೇಲೆ, ಉಗುರಿನಂತೆ ಗಡುಸಾದ ಅತಿಸೂಕ್ಷ್ಮ ಮುಳ್ಳುಗಳು ಕಾಣುತ್ತವೆ. ಇವು ಕಲ್ಲಿನ ಒರಟನ್ನು ಕಚ್ಚಿ ಹಿಡಿಯುತ್ತವೆ. ಇದು ಅಂಟಿನ ಕೆಲಸವಲ್ಲ, ಹಿಡಿತದ ಕೆಲಸ. ಅಲ್ಲದೆ, ಕಲ್ಲಿಗೆ ತಾಗಿ ಹರಿಯುವ ತೆಳುಪದರದಲ್ಲಿ ನೀರಿನ ವೇಗ ಮೇಲಿನದಕ್ಕಿಂತ ಬಹಳ ಕಡಿಮೆ. ಅಡಿ ಚಪ್ಪಟೆಯಾದ ಮೀನಿಗೆ ಅದೂ ಆಶ್ರಯ.

ಬೆಟ್ಟದ ಝರಿಗಳ ಮೀನುಗಳ ಅಂಗರಚನೆಯನ್ನು ಕುರಿತು 1922ರಲ್ಲಿ ಪ್ರಬಂಧ ಬರೆದ ಸುಂದರಲಾಲ್ ಹೋರಾ ಅವರನ್ನು ಮತ್ತೊಂದು ಪ್ರಶ್ನೆಯೂ ಕಾಡಿತು. ಸಹ್ಯಾದ್ರಿಯ ಇಂತಹ ಮೀನುಗಳ ಬಂಧುಗಳು ಪೂರ್ವ ಹಿಮಾಲಯದಲ್ಲಿಯೂ ಮಲಯದಲ್ಲಿಯೂ ಇರುವುದು ಹೇಗೆ? ವಿಂಧ್ಯ-ಸಾತ್ಪುರ ಶ್ರೇಣಿಗಳೇ ಹಿಂದೆ ಇವುಗಳಿಗೆ ದಾರಿಯಾಗಿದ್ದವೆಂದು ಅವರು 1940ರ ದಶಕದಲ್ಲಿ ವಾದಿಸಿದರು. ಅನಂತರದ ವಿದ್ವಾಂಸರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಉತ್ತರ ಅಲ್ಲಗಳೆಯಲ್ಪಟ್ಟರೂ ಅಂತಹ ಪ್ರಶ್ನೆಯನ್ನು ಕೇಳಿದುದೇ ದೊಡ್ಡದು.

ನಮ್ಮ ನಾಡಿನ ಹೆಸರನ್ನೇ ಹೊತ್ತ ಒಂದು ಜಾತಿಯೂ ಈ ಕುಲದಲ್ಲಿದೆ: ‘ಗ್ಲಿಪ್ಟೊಥೊರಾಕ್ಸ್ ಕುದ್ರೆಮುಖೆನ್ಸಿಸ್’. ಇದನ್ನು 2007ರಲ್ಲಿ ಕೆ. ಸಿ. ಗೋಪಿ ಅವರು ವರ್ಣಿಸಿದರು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ನಿಂತುದು 2005ರ ಕೊನೆಯಲ್ಲಿ. ಅಂದರೆ, ಆ ಸೀಮೆಯ ಮಣ್ಣನ್ನು ದಶಕಗಳ ಕಾಲ ಅಗೆದು ಮುಗಿಸಿದ ಮೇಲೆ ಅಲ್ಲಿಯ ಹೊಳೆಮೀನಿಗೆ ಶಾಸ್ತ್ರದಲ್ಲಿ ನಾಮಕರಣವಾಯಿತು!

ಗಣಿಯಿಂದಾಗಲಿ, ಕಡಿದ ಕಾಡಿನಿಂದಾಗಲಿ, ಹೊಳೆಗೆ ಹೂಳು ಇಳಿದರೆ ಮೊದಲು ಕೆಡುವುದು ತಳದ ಕಲ್ಲು. ಕಲ್ಲುಗಳ ಸಂದು ತುಂಬಿದರೆ ಮೀನಿಗೆ ಆಹಾರವಾದ ಕೀಟಗಳ ಮರಿಗಳಿಗೆ ನೆಲೆಯಿಲ್ಲ. ಕಲ್ಲಿನ ಒರಟು ಕೆಸರಿನಡಿ ಅಡಗಿದರೆ ಎದೆಯ ಮುಳ್ಳುಗಳಿಗೆ ಹಿಡಿಯಲು ಏನೂ ಸಿಕ್ಕದು.