ಊಟ ಒಂದೇ, ಕೊಬ್ಬು ಬೇರೆ ಬೇರೆ ಯಾಕೆ?

ಹಬ್ಬಕ್ಕೆ ಊರಿಗೆ ಹೋದಾಗ ನೋಡಿರ್ತೀರಿ. ಸ್ವಲ್ಪ ದಪ್ಪಗಿರೋ ಹುಡುಗ ಇನ್ನೊಂದು ಹೋಳಿಗೆ ಕೇಳಿದರೆ, "ಸಾಕು ಬಿಡೋ ಡುಮ್ಮ" ಅಂತ ಯಾರಾದರೂ ಅಂದೇ ಅಂತಾರೆ. ಪಕ್ಕದ ಸಣಕಲ ತಮ್ಮನಿಗೆ ಮೂರನೆಯದನ್ನೂ ಒತ್ತಾಯ ಮಾಡಿ ಬಡಿಸುತ್ತಾರೆ. ತಪ್ಪೆಲ್ಲ ಆ ಹುಡುಗನ ಬಾಯಿಚಪಲದ್ದೇನಾ?

ನಾವು ಎಂಜಿನಿಯರಿಂಗ್‌ನವರು. ಇನ್‌ಪುಟ್‌ನಲ್ಲಿ ಔಟ್‌ಪುಟ್ ಕಳೆದರೆ ಉಳಿಯೋದು ಕೊಬ್ಬು ಅಂತ ಲೆಕ್ಕ ಮುಗಿಸಿಬಿಡ್ತೀವಿ. ಲೆಕ್ಕ ಸರಿ, ಆದರೆ ನಡುವೆ ಒಂದು ಬ್ಲ್ಯಾಕ್ ಬಾಕ್ಸ್ ಇದೆ. ಅದೇ ದೊಡ್ಡ ಕರುಳು. ಅಲ್ಲಿರುವ ಲಕ್ಷಾಂತರ ಕೋಟಿ ಬ್ಯಾಕ್ಟೀರಿಯಾಗಳು ನಮಗೆ ಜೀರ್ಣವಾಗದ ನಾರನ್ನು ಹುಳಿಸಿ ಸಣ್ಣ ಸಣ್ಣ ಆಮ್ಲಗಳಾಗಿ ಮಾಡುತ್ತವೆ. ಅವುಗಳಿಂದ ದೇಹಕ್ಕೆ ಒಂದಿಷ್ಟು ಶಕ್ತಿ ಸಿಗುತ್ತದೆ. ಹಸಿವು ಹತೋಟಿಯಲ್ಲಿಡುವ ಹಾರ್ಮೋನುಗಳಿಗೂ ಪ್ರಚೋದನೆ ಸಿಗುತ್ತದೆ.

2013ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಅವಳಿ ಸೋದರಿಯರಲ್ಲಿ ಒಬ್ಬಳು ದಪ್ಪ, ಇನ್ನೊಬ್ಬಳು ತೆಳು. ಇಬ್ಬರ ಕರುಳಿನ ಬ್ಯಾಕ್ಟೀರಿಯಾಗಳನ್ನೂ, ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಬೇರೆಬೇರೆಯಾಗಿ ಕೊಟ್ಟರು. ಆಹಾರ ಒಂದೇ, ಆದರೂ ದಪ್ಪಗಿದ್ದವಳ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಹೆಚ್ಚಿತು. ಎರಡೂ ಬಗೆಯ ಇಲಿಗಳನ್ನು ಒಟ್ಟಿಗೆ ಬಿಟ್ಟಾಗ ತೆಳ್ಳನೆಯವಳ ಬ್ಯಾಕ್ಟೀರಿಯಾಗಳು ಈ ಕಡೆಗೂ ಬಂದು ಕೊಬ್ಬನ್ನು ತಡೆದವು. ಆದರೆ ನಾರು ಹೆಚ್ಚು, ಕೊಬ್ಬು ಕಡಿಮೆ ಇರುವ ಆಹಾರ ಕೊಟ್ಟಾಗ ಮಾತ್ರ!

ಹಾಗಂತ ಇಲಿ ಮಗುವಲ್ಲ. ಬ್ಯಾಕ್ಟೀರಿಯಾ ಕ್ಯಾಪ್ಸೂಲ್ ನುಂಗಿಸಿದರೆ ಮಗು ಸಣ್ಣ ಆಗುತ್ತೆ ಅನ್ನೋ ಜಾಹೀರಾತು ನಂಬಬೇಡಿ.

ಮಗುವಿನ ಕೈಯಲ್ಲಿಲ್ಲದ ಕಾರಣಗಳು ಇನ್ನೂ ಇವೆ. ಅಂಥದ್ದೊಂದಕ್ಕೆ ಸಾಕ್ಷಿ ನಮ್ಮ ಮೈಸೂರಲ್ಲೇ ಸಿಕ್ಕಿದೆ. ಮಿಷನ್ ಆಸ್ಪತ್ರೆ ಅಂತ ನಾವು ಕರೆಯೋ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಕಾಯಿಲೆ ಇದ್ದ ಹೆಣ್ಣುಮಕ್ಕಳಲ್ಲಿ, ಒಂಬತ್ತೂವರೆ ವರ್ಷದ ಹೊತ್ತಿಗೆ ಚರ್ಮದಡಿಯ ಕೊಬ್ಬು ಉಳಿದವರಿಗಿಂತ ಹೆಚ್ಚಿತ್ತು. ಹುಟ್ಟೋ ಮೊದಲೇ ಶುರುವಾದದ್ದಕ್ಕೆ ಮಗು ಹೇಗೆ ಹೊಣೆ?

ಹಾಗಾದರೆ ನಾವೇನು ಮಾಡಬಹುದು? ರಾಗಿ, ಕಾಳು, ಸೊಪ್ಪು ಮನೆಮಂದಿಯೆಲ್ಲ ತಿನ್ನಲಿ, ಆ ಹುಡುಗನೊಬ್ಬನಿಗೇ ಪಥ್ಯ ಬೇಡ. ಬರಿ ನೆಗಡಿಗೆಲ್ಲ ವೈದ್ಯರನ್ನು ಕೇಳದೆ ಆಂಟಿಬಯಾಟಿಕ್ ಕುಡಿಸಬೇಡಿ. ವೈರಸ್‌ಗೆ ಅದು ನಾಟೋಲ್ಲ, ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಸಂಜೆ ಅವನ ಜೊತೆ ಬ್ಯಾಟ್ ಹಿಡಿದು ಬೀದಿಗಿಳಿಯಿರಿ.

ಮುಂದಿನ ಹಬ್ಬದಲ್ಲಿ ಯಾರಾದರೂ "ಡುಮ್ಮ" ಅಂದರೆ, ಈ ಇಲಿಗಳ ಕಥೆ ಹೇಳಿ.