ಹಾರ್ಮೋನ್ ಮಾತ್ರೆ: ಶೇಕಡಾ ಎಷ್ಟು, ಅಸಲು ಎಷ್ಟು?

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಡಾಕ್ಟರು ಹಾರ್ಮೋನ್ ಮಾತ್ರೆ ಬರೆದುಕೊಟ್ಟರೆ ನಮ್ಮ ಹೆಂಗಸರಲ್ಲಿ ಎರಡು ಬಗೆ. ಕೆಲವರು "ಕ್ಯಾನ್ಸರ್ ಬರುತ್ತದಂತೆ" ಎಂದು ಚೀಟಿಯನ್ನು ಮಡಚಿಡುತ್ತಾರೆ. ಇನ್ನು ಕೆಲವರು ಅದೇ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮೆಡಿಕಲ್ ಅಂಗಡಿಯಿಂದ ತರಿಸುತ್ತಾರೆ. ಎರಡೂ ಸರಿಯಲ್ಲ. ನಾನು ವೈದ್ಯೆಯಲ್ಲ, ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವಳು. ಹಾಗಾಗಿ ಲೆಕ್ಕದಿಂದಲೇ ಶುರುಮಾಡುತ್ತೇನೆ.

ಈ ಭಯ ಹರಡಿದ್ದು 2002ರಲ್ಲಿ, ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಅಧ್ಯಯನದ ಫಲಿತಾಂಶ ಬಂದಾಗ. ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟಿನ್ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚು ಎಂದು ಸುದ್ದಿಯಾಯಿತು. ಶೇಕಡಾ ಹೇಳುವವರು ಅಸಲನ್ನೂ ಹೇಳಬೇಕಲ್ಲವೇ? ಆ ಮಾತ್ರೆ ಇಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಕಾಯಿಲೆ ಬಂದಿದ್ದರೆ, ತೆಗೆದುಕೊಂಡವರಲ್ಲಿ 38. ಎಂಟು ಮಂದಿ ಲೆಕ್ಕಕ್ಕಿಲ್ಲ ಎನ್ನಲಾರೆ, ಅವರೂ ಒಂದೊಂದು ಮನೆಯವರೇ. ಪಾರ್ಶ್ವವಾಯು ಕೂಡ 21ರಿಂದ 29ಕ್ಕೆ ಏರಿತ್ತು. ಸೊಂಟದ ಮೂಳೆ ಮುರಿತ ಮಾತ್ರ 15ರಿಂದ 10ಕ್ಕೆ ಇಳಿದಿತ್ತು. ಇನ್ನೊಂದು ಮಾತು, ಆ ಮಹಿಳೆಯರ ಸರಾಸರಿ ವಯಸ್ಸು 63. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು 46–47ರ ಸುಮಾರಿಗೆ.

ಆದ್ದರಿಂದಲೇ ಈಗ ವೈದ್ಯರು ವಯಸ್ಸನ್ನು ಮೊದಲು ನೋಡುತ್ತಾರೆ. 60ರೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರುಮಾಡಿದರೆ, ನಿದ್ದೆಗೆಡಿಸುವ ಮೈಉರಿ, ಬೆವರು ಇರುವ ಆರೋಗ್ಯವಂತರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಯೌವನ ಉಳಿಸಿಕೊಳ್ಳಲು ನುಂಗುವ ಮಾತ್ರೆ ಇದಲ್ಲ.

ಸಾಲ ಕೊಡುವ ಮುಂಚೆ ಹಳೆಯ ಬಾಕಿ ಕೇಳುವಂತೆ ಡಾಕ್ಟರೂ ಕೇಳುತ್ತಾರೆ. ಮುಚ್ಚಿಡಬೇಡಿ. ಸ್ತನ ಕ್ಯಾನ್ಸರ್, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು, ಹೃದಯಾಘಾತ, ಪಾರ್ಶ್ವವಾಯು, ಲಿವರ್ ಕಾಯಿಲೆ, ಕಾರಣ ತಿಳಿಯದ ರಕ್ತಸ್ರಾವ, ಇವುಗಳಲ್ಲಿ ಯಾವುದಿದ್ದರೂ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ. ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಒಳಪದರ ದಪ್ಪವಾಗಿ, ಅಲ್ಲಿ ಕ್ಯಾನ್ಸರ್ ಆಗುವ ಅಪಾಯವಿದೆ. ಅದನ್ನು ತಡೆಯಲೆಂದೇ ಪ್ರೊಜೆಸ್ಟರಾನ್ ಸೇರಿಸುತ್ತಾರೆ. ಖರ್ಚು ಉಳಿಸಲು ಆ ಎರಡನೆಯ ಮಾತ್ರೆಯನ್ನು ಬಿಡುವುದು ಜಾಮೀನಿಲ್ಲದೆ ಸಾಲ ಕೊಟ್ಟ ಹಾಗೆ. ರಕ್ತ ಹೆಪ್ಪುಗಟ್ಟುವ ಭಯ ಇರುವವರು ಚರ್ಮಕ್ಕೆ ಹಚ್ಚುವ ಜೆಲ್ ಅಥವಾ ಪಟ್ಟಿಯ ಬಗ್ಗೆ ಕೇಳಬಹುದು, ನುಂಗುವ ಮಾತ್ರೆಗಿಂತ ಅದರಲ್ಲಿ ಆ ಅಪಾಯ ಕಡಿಮೆ. ಒಳಗಿನ ಒಣಗುವಿಕೆ ಒಂದೇ ತೊಂದರೆಯಾದರೆ ಅಲ್ಲಿಗೇ ಹಚ್ಚುವ ಕ್ರೀಮು ಸಾಕಾಗಬಹುದು.

ವರ್ಷಕ್ಕೊಮ್ಮೆಯಾದರೂ ಡಾಕ್ಟರ ಬಳಿ ಹೋಗಿ, ಮುಂದುವರಿಸಬೇಕೇ ಎಂದು ಕೇಳಿ. ಮಾತ್ರೆ ತೆಗೆದುಕೊಳ್ಳಲಿ ಬಿಡಲಿ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಿ. "ಬಿಸಿಲಿಗೆ ಹೀಟ್ ಆಗಿರಬೇಕು" ಎಂದು ಎಳನೀರು ಕುಡಿದು ಕೂರಬೇಡಿ.

ನಮ್ಮ ವೈದ್ಯಕೀಯ ನೆರವು ನಿಧಿಗೆ ಗಂಡನ ಬೈಪಾಸಿಗೆ, ಮಗನ ಡಯಾಲಿಸಿಸಿಗೆ ಅರ್ಜಿ ಬರುತ್ತದೆ. ತನ್ನ ಮ್ಯಾಮೋಗ್ರಫಿಗೋ ಸೋನೋಗ್ರಫಿಗೋ ಕೇಳುವ ಹೆಂಗಸು ಅಪರೂಪ. ಡಾಕ್ಟರ ಚೀಟಿ, ರೇಷನ್ ಕಾರ್ಡಿನ ನಕಲು ಮತ್ತು ಖರ್ಚಿನ ಅಂದಾಜು ಪಟ್ಟಿಯನ್ನು ಲಕೋಟೆಯಲ್ಲಿ ಸಂಘದ ಕಚೇರಿಗೆ ಕೊಡಿ, ಹೆಸರು ಹೊರಗೆ ಹೋಗುವುದಿಲ್ಲ. ದಾನಿಗಳು ಚೆಕ್ಕಿನ ಹಿಂಬದಿಯಲ್ಲಿ 'ಮಹಿಳಾ ತಪಾಸಣೆ' ಎಂದು ಬರೆದರೆ ಆ ಹಣವನ್ನು ಅದಕ್ಕೇ ಪ್ರತ್ಯೇಕವಾಗಿ ಇಡುತ್ತೇವೆ.